ಮೊದಲು ಮಕ್ಕಳನ್ನು ಕೇಳಿ, ಆಮೇಲೆ ಅಂಕ ಹಾಕಿ

ಅಪ್ಪ ಅಮ್ಮ ನಿನ್ನ ಮೇಲೆ ಎಷ್ಟು ಹಿಡಿತ ಇಟ್ಟಿದ್ದಾರೆ? ಒಂದು ಸಂಸ್ಕೃತಿಯಲ್ಲಿ ಮಾಡಿದ ಪೋಷಣೆಯ ಪ್ರಶ್ನಾವಳಿಯನ್ನು ಇನ್ನೊಂದು ಸಂಸ್ಕೃತಿಗೆ ತಂದು, ಸಂಶೋಧಕರಾದ ನಾವು ಹದಿನೈದರ ಹುಡುಗಿಗೆ ಹೀಗೆ ಕೇಳುತ್ತೇವೆ. ಅಂಕ ಜಾಸ್ತಿ ಬಂದರೆ ಪೋಷಣೆ ಸರಿಯಿಲ್ಲ ಅಂತ ಬರೆದುಬಿಡುತ್ತೇವೆ. ಆ ಹಿಡಿತ ಅವಳಿಗೆ ಉಸಿರು ಕಟ್ಟಿಸುತ್ತದೋ, ಧೈರ್ಯ ಕೊಡುತ್ತದೋ? ಅದನ್ನು ಕೇಳುವುದೇ ಇಲ್ಲ. ನನಗೆ ಸಿಟ್ಟು ಬರುವುದು ಇಲ್ಲೇ.

ಪೇರೆಂಟಲ್ ಬಾಂಡಿಂಗ್ ಇನ್‌ಸ್ಟ್ರುಮೆಂಟ್ ಅನ್ನೇ ನೋಡಿ. 1979ರಲ್ಲಿ ಆಸ್ಟ್ರೇಲಿಯಾದ ಮನೋವೈದ್ಯ ಗಾರ್ಡನ್ ಪಾರ್ಕರ್ ಮತ್ತು ಜೊತೆಗಾರರು ಪ್ರಕಟಿಸಿದ ಪ್ರಶ್ನಾವಳಿ. 25 ಹೇಳಿಕೆಗಳು. ಕೆಲವು ಅಕ್ಕರೆಯನ್ನು ಅಳೆಯುತ್ತವೆ, ಉಳಿದವು ಅತಿಯಾದ ಕಾವಲನ್ನು. ದೊಡ್ಡವರು ತಮ್ಮ ಮೊದಲ 16 ವರ್ಷಗಳನ್ನು ನೆನೆದು ಉತ್ತರಿಸಲಿ ಅಂತ ಮಾಡಿದ್ದು. ಅದನ್ನೇ ಇನ್ನೂ ಅಪ್ಪ ಅಮ್ಮನ ಜೊತೆ ಬದುಕುತ್ತಿರುವ ಮಕ್ಕಳ ಕೈಗೆ ಕೊಟ್ಟರೆ? ಬೆಳಗ್ಗೆ ಮನೆಯಲ್ಲಿ ಜಗಳವಾಗಿದ್ದರೆ ಉತ್ತರದಲ್ಲೂ ಆ ಜಗಳವೇ ಇರುತ್ತದೆ. ಸಂಸ್ಕೃತಿಯ ಮಾತು ಬರುವ ಮೊದಲೇ ಅಳತೆ ಅಲುಗಾಡಿತು, ಅಲ್ವಾ?

ಸಂಸ್ಕೃತಿ ಬಂದಾಗ ಏನಾಗುತ್ತದೆ ಅಂತ ಸಂಶೋಧಕಿ ರೂತ್ ಚಾವೋ 1994ರಲ್ಲೇ ತೋರಿಸಿದರು. ಅಮೆರಿಕಕ್ಕೆ ವಲಸೆ ಬಂದ ಚೀನೀ ತಾಯಂದಿರು ಕಟ್ಟುನಿಟ್ಟಿನ ಅಳತೆಯಲ್ಲಿ ಹೆಚ್ಚು ಅಂಕ ಪಡೆದಿದ್ದರು. ಆದರೆ ಅವರ ಕಟ್ಟುನಿಟ್ಟಿನ ಜೊತೆ ಮಗುವಿಗಾಗಿ ಟೊಂಕ ಕಟ್ಟಿ ನಿಲ್ಲುವುದೂ ಇತ್ತು. ಹಳೆಯ ಅಳತೆಗೆ ಅದು ಕಾಣಿಸುತ್ತಲೇ ಇರಲಿಲ್ಲ.

ಇಷ್ಟಾದರೂ ಈಗಲೂ ಹಲವರು ಪ್ರಶ್ನಾವಳಿ ನಂಬಬಹುದಾ ಅಂತ ನೋಡಲು ಸುಮ್ನೆ ಆಲ್ಫಾ ಅನ್ನುವ ಅಂಕಿಯನ್ನು ಲೆಕ್ಕ ಹಾಕುತ್ತಾರೆ, ಅದು 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು ಅಂತ; 0.8 ಬಂದರೆ ನೆಮ್ಮದಿ. ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆ ಅಂತಷ್ಟೇ ಆಲ್ಫಾ ಹೇಳುತ್ತದೆ. ಹೊಂದಿಕೊಂಡು ಏನನ್ನು ಅಳೆಯುತ್ತಿವೆ ಅನ್ನುವುದು ಅದಕ್ಕೆ ಗೊತ್ತಿಲ್ಲ.

ಹಾಗಾಗಿ ಮೊದಲು ಮಕ್ಕಳ ಜೊತೆ ಕೂರಬೇಕು, ಹೆತ್ತವರು ಪಕ್ಕದಲ್ಲಿ ಇಲ್ಲದಾಗ. ಒಂದೊಂದೇ ಹೇಳಿಕೆ ಓದಿಸಿ. 'ಇದನ್ನು ಓದಿದಾಗ ಮನಸ್ಸಿಗೆ ಏನು ಬಂತು? ಯಾವ ಘಟನೆ ನೆನಪಾಯಿತು?' ಅಂತ ಕೇಳಿ. ಹೇಳಿಕೆ ಅಳೆಯಬೇಕಾದ್ದನ್ನು ಬಿಟ್ಟು ಅರ್ಧದಷ್ಟು ಮಕ್ಕಳು ಬೇರೆಯೇ ಸಂಗತಿ ಹೇಳಿದರೆ ಆ ಹೇಳಿಕೆಯನ್ನು ಕಿತ್ತುಹಾಕಿ. ಮೂಲ ಪ್ರಶ್ನಾವಳಿಯಲ್ಲಿ ಇಲ್ಲದ ಸಂಗತಿಯನ್ನು ಅವರೇ ಮತ್ತೆ ಮತ್ತೆ ಎತ್ತಿದರೆ ಹೊಸ ಹೇಳಿಕೆ ಸೇರಿಸಿ. ಮೂಲವನ್ನು ಮುಟ್ಟಬಾರದು ಅನ್ನುವ ಭಯ ನನಗಂತೂ ಒಪ್ಪಿಗೆಯಿಲ್ಲ. ಮಾಡಿದ ಬದಲಾವಣೆಗಳನ್ನು ವರದಿಯಲ್ಲಿ ಬಿಚ್ಚಿಟ್ಟರೆ ಸಾಕು.

ಆಮೇಲೆ ಅಂಕಿಅಂಶ. ಒಂದೇ ಮಟ್ಟದ ಹಿಡಿತದಲ್ಲಿರುವ ಎರಡು ಸಂಸ್ಕೃತಿಯ ಮಕ್ಕಳು ಒಂದೇ ಥರದ ಉತ್ತರ ಕೊಡುತ್ತಾರಾ? ಇದನ್ನು ಪರೀಕ್ಷಿಸಲು ದಾರಿಗಳಿವೆ. ಪರೀಕ್ಷೆಯಲ್ಲಿ ಇಲ್ಲ ಅಂತ ಬಂದರೆ ಆ ಪ್ರಶ್ನಾವಳಿಯನ್ನು ಒಂದೊಂದು ಸಂಸ್ಕೃತಿಯ ಒಳಗೆ ಬಳಸಬಹುದು. ಎರಡರ ಸರಾಸರಿಗಳನ್ನು ಅಕ್ಕಪಕ್ಕ ಇಟ್ಟು ಯಾವ ಹೆತ್ತವರು ಮೇಲು ಅಂತ ಮಾತ್ರ ಹೇಳಬಾರದು.