ಮಗುವಿನ ಪಕ್ಕದಲ್ಲಿ ನಿಂತು ಕಲಿಸಿ

ಕೇಳುಗರಿಗೆಲ್ಲ ನಮಸ್ಕಾರ, ಅಸ್ಸಲಾಮು ಅಲೈಕುಂ. ಪ್ರಾಥಮಿಕ ಶಾಲೆಯ ಪುಟ್ಟ ಮಕ್ಕಳಿಗೆ ಇಸ್ಲಾಂ ಧರ್ಮಪಾಠ ಹೇಳಿಕೊಡುವ ಶಿಕ್ಷಕರೇ, ಮನೆಯಲ್ಲಿರುವ ಅಪ್ಪ ಅಮ್ಮಂದಿರೇ, ಇವತ್ತು ನಾನು ಹೇಳಲು ಬಂದಿರುವುದು ಒಂದೇ ಮಾತು. ಮಗುವಿನ ಪಕ್ಕದಲ್ಲಿ ನಿಂತು ಕಲಿಸಿ.

ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಗತ್ತಿನ ಪಿಡುಗು ಅಂತ ಸಾರಿದ್ದು 2020ರ ಮಾರ್ಚ್ 11ರಂದು. ಶಾಲೆ ಮುಚ್ಚಿತು, ಪಾಠ ಫೋನಿಗೆ ಬಂತು. ಬೇರೆ ದಾರಿ ಇರಲಿಲ್ಲ ಬಿಡಿ. ಆದರೆ ಶಾಲೆ ತೆರೆದ ಮೇಲೆ ನಾವೇನು ಮಾಡಿದೆವು? ಬಾಕಿ ಪಾಠ ಮುಗಿಸಲು ಓಡಿದೆವು. ಮಕ್ಕಳು ಏನು ಕಲಿತು ಬಂದಿದ್ದಾರೆ ಅಂತ ನೋಡಲೇ ಇಲ್ಲ.

ನನ್ನ ತರಗತಿಯಲ್ಲಿ ಎಂಟು ವರ್ಷದ ಹುಡುಗ ಒಬ್ಬನಿದ್ದ. ವುಝೂ, ಅಂದರೆ ನಮಾಝಿಗೆ ಮೊದಲು ಶುಚಿಯಾಗುವ ಕ್ರಮ, ಅದನ್ನು ಪಟಪಟ ಹೇಳುತ್ತಿದ್ದ. ಅಂಗೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ಕೈ, ತಲೆ ಸವರುವುದು, ಪಾದದ ಗಂಟಿನವರೆಗೆ ಕಾಲು. ಒಂದೂ ತಪ್ಪಿಲ್ಲ. ಒಂದು ದಿನ ನಲ್ಲಿ ಹತ್ತಿರ ಕರೆದುಕೊಂಡು ಹೋಗಿ, 'ಮಾಡಿ ತೋರಿಸು ಮಗು' ಅಂದೆ. ಅಂಗಿಯ ತೋಳು ಮಡಚಿದ. ಎಡಗೈ ಮೊದಲು ತೊಳೆದ. ಕಾಲಿಗೆ ಬಂದಾಗಲೂ ಎಡಗಾಲೇ ಮೊದಲು. 'ಬಲಗಡೆ ಮೊದಲು ಅಲ್ವಾ?' ಅಂದರೆ ಅವನಿಗೆ ಗಾಬರಿ. 'ಫೋನಿನಲ್ಲಿ ಹೀಗೇ ಇತ್ತು ಸರ್' ಅಂದ.

ಆ ವಿಡಿಯೋ ಹುಡುಕಿ ನೋಡಿದೆ. ಅದು ಸರಿಯಾಗಿಯೇ ಇತ್ತು! ಅದರಲ್ಲಿದ್ದವರು ಬಲಗೈಯನ್ನೇ ಮೊದಲು ತೊಳೆದಿದ್ದರು. ಆದರೆ ಅವರು ನಮಗೆ ಎದುರಾಗಿ ನಿಂತಿದ್ದರು. ಅವರ ಬಲಗೈ ನೋಡುವವನ ಎಡಕ್ಕೆ ಬರುತ್ತದೆ. ಮಗು ಕನ್ನಡಿ ನೋಡಿದ ಹಾಗೆ ನೋಡಿ ಎಡಗೈಯನ್ನು ನೀರಿಗೆ ಹಿಡಿದಿತ್ತು. ಎಷ್ಟೋ ತಿಂಗಳು ಹಾಗೇ ಮಾಡಿತ್ತು. ಯಾರೂ ಪಕ್ಕದಲ್ಲಿ ನಿಂತಿರಲಿಲ್ಲ.

ಮರುದಿನ ನಾನು ಪಕ್ಕದ ನಲ್ಲಿಯಲ್ಲಿ, ಅವನು ನೋಡುವ ಕಡೆಗೇ ಮುಖ ಮಾಡಿ ನಿಂತೆ. ಸುಮ್ನೆ ಬಲಗೈ ಚಾಚಿದೆ. ಅವನೂ ಬಲಗೈ ಚಾಚಿದ. ಮೂರೇ ದಿನದಲ್ಲಿ ಸರಿಹೋಯಿತು. ನಮಾಝಿನ ಸಾಲಿನಲ್ಲೂ ನಾವು ಹೀಗೇ ತಾನೇ, ಹೆಗಲಿಗೆ ಹೆಗಲು ತಾಗಿಸಿ ಒಂದೇ ಕಡೆ ಮುಖ ಮಾಡುವುದು?

ಒಮ್ಮೆ ಕೆಲವು ಯುವಕರು ಪ್ರವಾದಿ ಮುಹಮ್ಮದರ ಬಳಿ ಬಂದು ಇಪ್ಪತ್ತು ರಾತ್ರಿ ತಂಗಿದ್ದರು. ಅವರಿಗೆ ಮನೆಯ ನೆನಪು ಕಾಡುತ್ತಿದೆ ಅಂತ ತಿಳಿದು ಪ್ರವಾದಿಯವರು ಕಳಿಸಿಕೊಟ್ಟರು. ಹೊರಡುವಾಗ ಹೇಳಿದ ಮಾತು ಬುಖಾರಿಯ ಹದೀಸ್, ಅಂದರೆ ಪ್ರವಾದಿಯವರ ನಡೆ ನುಡಿಗಳ, ಸಂಗ್ರಹದಲ್ಲಿದೆ: ನಾನು ನಮಾಝ್ ಮಾಡುವುದನ್ನು ನೋಡಿದ ಹಾಗೆ ನೀವೂ ಮಾಡಿ. ನೋಡಿದ ಹಾಗೆ, ಗಮನಿಸಿ.

ಸಮಯ ಜಾಸ್ತಿ ಇಲ್ಲ, ಕುರ್ಆನ್ ಓದುವುದರ ಬಗ್ಗೆ ಬೇಗ ಹೇಳುತ್ತೇನೆ. ಅರಬ್ಬಿಯಲ್ಲಿ ಎರಡು 'ಕ' ಇವೆ. ಇಖ್ಲಾಸ್ ಸೂರಾದ, ಅಂದರೆ ಅಧ್ಯಾಯದ, ಮೊದಲ ಪದ 'ಕುಲ್'. ನಾಲಿಗೆಯ ಬುಡದಿಂದ ಹೇಳಿದರೆ 'ಹೇಳು' ಅಂತ ಅರ್ಥ. ನಮ್ಮ ಮಾಮೂಲಿ 'ಕ' ಹಾಕಿದರೆ 'ತಿನ್ನು' ಅಂತಾಗುತ್ತದೆ! ಫೋನಿನ ಸಣ್ಣ ಸ್ಪೀಕರಿನಲ್ಲಿ ಮಗುವಿಗೆ ಇದು ಹೇಗೆ ಗೊತ್ತಾಗಬೇಕು? ಶಾಲೆ ತೆರೆದಾಗ ನಮ್ಮ ಬಾಯಿ ಮಾಸ್ಕಿನ ಹಿಂದಿತ್ತು. ಈಗಲಾದರೂ ದಿನಕ್ಕೆ ನಾಲ್ಕೈದು ಮಕ್ಕಳನ್ನು ಒಬ್ಬೊಬ್ಬರಾಗಿ ಪಕ್ಕದಲ್ಲಿ ಕೂರಿಸಿಕೊಳ್ಳಿ. ನೀವೊಂದು ಸಾಲು ಓದಿ, ಮಗು ಓದಲಿ. ಗುಂಪಿನಲ್ಲಿ ಕೂಗಿಸಿದರೆ ತಪ್ಪು ಗದ್ದಲದಲ್ಲಿ ಮುಳುಗಿಹೋಗುತ್ತದೆ.

'ಪೋರ್ಷನ್ ಮುಗಿಯಲ್ಲ ಸರ್' ಅನ್ನುತ್ತೀರಿ. ದಯವಿಟ್ಟು ಆ ಮಾತು ಬಿಡಿ. ಕೌಸರ್ ಸೂರಾದಲ್ಲಿ ಇರುವುದು 3 ಆಯತ್, ಅಂದರೆ ಮೂರೇ ವಚನ. ಅದೊಂದು ಸರಿಯಾಗಿ ಬರಲಿ, ಮುಂದಿನದು ಬೇಗ ಬರುತ್ತದೆ.

ಅಪ್ಪ ಅಮ್ಮಂದಿರೇ, ವಿಡಿಯೋ ಹಾಕಿಕೊಟ್ಟು ಎದ್ದು ಹೋಗಬೇಡಿ. ನಾಳೆ ಮಗು ವುಝೂ ಮಾಡುವಾಗ ಪಕ್ಕದಲ್ಲಿ ನಿಲ್ಲಿ. ಯಾವ ಕೈ ಮೊದಲು ನೀರಿಗೆ ಹೋಗುತ್ತದೆ, ನೋಡಿ.