ಜಿಟಿಜಿಟಿ ಮಳೆ, ಚಿಪಿಚಿಪಿ ಮಳೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮಳೆ ಬರ್ತಾ ಇದೆಯಾ ಅಂತ ಕೇಳಿದರೆ ಹೌದು ಅನ್ನೋಕೂ ಆಗದ, ಇಲ್ಲ ಅನ್ನೋಕೂ ಆಗದ ಒಂದು ಮಳೆ ಇದೆ. ಕೊಡೆ ಬಿಚ್ಚಿದರೆ ನಾಚಿಕೆ, ಬಿಚ್ಚದಿದ್ದರೆ ಅರ್ಧ ಗಂಟೆಯಲ್ಲಿ ಅಂಗಿ ಒದ್ದೆ. ನಮ್ಮ ಸಕಲೇಶಪುರದ ಕಡೆ ಅದಕ್ಕೆ ಜಿಟಿಜಿಟಿ ಮಳೆ ಅನ್ನುತ್ತೇವೆ. ಭೂಮಿಯ ಆ ಬದಿಯಲ್ಲಿ, ಗ್ವಾಟೆಮಾಲಾ ದೇಶದ ಕೊಬಾನ್ ಅನ್ನೋ ಬೆಟ್ಟದ ಊರಿನಲ್ಲಿ ಅದೇ ಮಳೆಗೆ ಏನಂತಾರೆ ಗೊತ್ತಾ? ಚಿಪಿಚಿಪಿ. ಈ ಹೆಸರು ಕೇಳಿದ ಕ್ಷಣವೇ ಆ ಊರು ನನಗೆ ಅರ್ಧ ಪರಿಚಯ ಆಗಿಹೋಯಿತು.

ಕೊಬಾನ್ ಇರುವುದು ಸುಮಾರು 1,300 ಮೀಟರ್ ಎತ್ತರದಲ್ಲಿ. ಮಡಿಕೇರಿಗಿಂತ ಸ್ವಲ್ಪ ಜಾಸ್ತಿ. ರಾಜಧಾನಿ ಗ್ವಾಟೆಮಾಲಾ ಸಿಟಿಯಿಂದ ಇನ್ನೂರು ಕಿಲೋಮೀಟರ್ ಚಿಲ್ಲರೆ, ಆದರೆ ತಿರುವುಗಳ ದಾರಿ, ಐದು ಗಂಟೆ ಹಿಡಿಯುತ್ತದೆ. ಅಲ್ಲಿಗೆ ಬರುವ ಪ್ರವಾಸಿಗರು ಹೆಚ್ಚಿನವರು ಒಂದು ರಾತ್ರಿ ಮಲಗಿ, ಬೆಳಗ್ಗೆ ಎದ್ದು ಸೆಮುಕ್ ಚಾಂಪೆಯ ಹಸಿರು ನೀರಿನ ಕೊಳಗಳಿಗೆ ಓಡುತ್ತಾರೆ. ನಾನು ಓಡಲಿಲ್ಲ. ಹಿಂದಿನ ದಿನ ಮೈಕ್ರೋಬಸ್ಸಿನಲ್ಲಿ ಹನ್ನೆರಡು ಜನರ ಜಾಗದಲ್ಲಿ ಇಪ್ಪತ್ತೊಂದು ಜನ ಕೂತಿದ್ದೆವು. ಎಣಿಸಿದ್ದೇನೆ. ಹಾಗಾಗಿ ಇವತ್ತು ಎಲ್ಲಿಗೂ ಇಲ್ಲ, ಸುಮ್ನೆ ಊರು ನೋಡೋದು ಅಂತ ತೀರ್ಮಾನ ಮಾಡಿದ್ದೆ.

ಉಳಿದುಕೊಂಡಿದ್ದ ಮನೆಯ ಯಜಮಾನಿಯನ್ನು ಎಲ್ಲರೂ ಡೋನ್ಯಾ ಅಂತ ಕರೆಯುತ್ತಿದ್ದರು. ನಾವು ಅಮ್ಮಾವ್ರೇ ಅಂತೀವಲ್ಲ, ಹಾಗೆ. ಅವರು ಕೆಕ್ಚಿ ಮಾಯಾ ಜನಾಂಗದವರು. ಬೆಳಗ್ಗೆ ತಿಂಡಿಗೆ ಅರೆದು ಹುರಿದ ಕಪ್ಪು ಹುರುಳಿಕಾಯಿ ಬೀಜ, ಹೋಳು ಮಾಡಿ ಕರಿದ ಬಾಳೆಹಣ್ಣು, ಬಟ್ಟೆಯಲ್ಲಿ ಸುತ್ತಿಟ್ಟ ಬಿಸಿ ಜೋಳದ ರೊಟ್ಟಿ. ಜೋಳ ಅಂದರೆ ಮೆಕ್ಕೆಜೋಳ. ತಟ್ಟೆ ಇಡುತ್ತಾ ಅವರು ಕೇಳಿದರು: 'ಮಾ ಸಾ ಲಾ ಚೋಲ್?' ಹೇಗಿದ್ದೀಯಾ ಅಂತ. ಪದ ಬಿಡಿಸಿದರೆ 'ನಿನ್ನ ಎದೆ ಸುಖವಾಗಿದೆಯಾ?' ಎಂದಾಗುತ್ತದೆ. ಚೋಲ್ ಅಂದರೆ ಹೃದಯ. 'ಸಾ ಲಿನ್ ಚೋಲ್', ನನ್ನ ಎದೆ ಸುಖವಾಗಿದೆ, ಅನ್ನಬೇಕು. ಅಂದೆ. ನನ್ನ ಉಚ್ಚಾರ ಕೇಳಿ ಅಡುಗೆಮನೆಯಿಂದ ಎರಡು ಮಕ್ಕಳು ಕಿಸಕ್ ಅಂದವು.

ಹೊರಗೆ ಚಿಪಿಚಿಪಿ ಶುರುವಾಗಿತ್ತು.

ಎಲ್ ಕಾಲ್ವಾರಿಯೋ ಅನ್ನೋ ಬಿಳಿ ಇಗರ್ಜಿ ಊರಂಚಿನ ಗುಡ್ಡದ ಮೇಲಿದೆ. ನೂರಕ್ಕೂ ಹೆಚ್ಚು ಮೆಟ್ಟಿಲು. ದಾರಿಯುದ್ದಕ್ಕೂ ಪುಟ್ಟ ಪುಟ್ಟ ಗೂಡುಗಳು, ಒಳಗೆ ಮೇಣದ ಕರೆ, ಮಸಿ. ಸುಡುತ್ತಿದ್ದದ್ದು ಕೊಪಾಲ್ ಅನ್ನೋ ಮರದ ಅಂಟು, ನಮ್ಮ ಧೂಪದ ಹಾಗೆ. ಶಿಲುಬೆಗೂ ಅದೇ ಹೊಗೆ, ತ್ಸುಲ್‌ತಾಕಾಗೂ ಅದೇ ಹೊಗೆ. ತ್ಸುಲ್ ಅಂದರೆ ಬೆಟ್ಟ, ತಾಕಾ ಅಂದರೆ ಕಣಿವೆ. ಬೆಟ್ಟವನ್ನೂ ಕಣಿವೆಯನ್ನೂ ಒಂದೇ ಹೆಸರಿನಲ್ಲಿ ಪೂಜಿಸುವ ದೇವರು.

ಮೇಲಿಂದ ನೋಡಿದರೆ ತಗಡಿನ ಮಾಡುಗಳು, ಅದರಾಚೆ ಮಂಜು. ಸ್ಪೇನಿನವರು ಬಂದಾಗ ಈ ನಾಡನ್ನು ತೆಸುಲುತ್ಲಾನ್ ಅಂತಿದ್ದರು, ಯುದ್ಧದ ನಾಡು. ಸೈನಿಕರಿಗೆ ಬಗ್ಗಿಸಲು ಆಗಲಿಲ್ಲ. 1537ರಲ್ಲಿ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಎಂಬ ಪಾದ್ರಿ ಒಂದು ಕರಾರು ಮಾಡಿಸಿದ. ಐದು ವರ್ಷ ಕತ್ತಿ ಹಿಡಿದವರು ಯಾರೂ ಒಳಗೆ ಕಾಲಿಡಬಾರದು, ನಾವು ಸನ್ಯಾಸಿಗಳು ಮಾತ್ರ ಹೋಗುತ್ತೇವೆ ಅಂತ. ಆಮೇಲೆ ಈ ಸೀಮೆಗೆ ವೆರಾಪಾಸ್ ಅಂತ ಹೆಸರಾಯಿತು, ನಿಜವಾದ ಶಾಂತಿ ಅಂತ ಅರ್ಥ. ಆ ಹೆಸರು ಎಷ್ಟು ನಿಜವಾಯಿತು ಅನ್ನೋದು ಬೇರೆ ಮಾತು. ಇಪ್ಪತ್ತನೇ ಶತಮಾನದ ಅಂತರ್ಯುದ್ಧದಲ್ಲಿ ಈ ಬೆಟ್ಟಗಳೂ ಬಹಳ ನೋವು ತಿಂದಿವೆ.

ಇಳಿಯುವಾಗ ಪೇಟೆ ಕಡೆ ಹೊರಳಿದೆ. ಹೆಂಗಸರು ಬಿಳಿ ನೂಲಿನ ಮೇಲೆ ಬಿಳಿ ನೂಲಿನದೇ ಚಿತ್ತಾರ ನೇಯ್ದ ತೆಳ್ಳನೆ ರವಿಕೆ ತೊಟ್ಟಿದ್ದರು. ದೂರದಿಂದ ಬರೀ ಬಿಳಿ, ಹತ್ತಿರ ಬಂದರೆ ಹಕ್ಕಿ, ಗಿಡ ಕಾಣುತ್ತವೆ. ಬೆಣ್ಣೆಹಣ್ಣಿಗೆ ಕೊಟ್ಟ ನೋಟಿಗೆ ಚಿಲ್ಲರೆ ಬಂತು. ಅಲ್ಲಿನ ದುಡ್ಡಿನ ಹೆಸರು ಕೆತ್ಸಾಲ್, ಹಸಿರು ಉದ್ದ ಬಾಲದ ಅವರ ರಾಷ್ಟ್ರಪಕ್ಷಿಯ ಹೆಸರೇ. ಐದರ ನೋಟಿನ ಮೂಲೆಯಲ್ಲಿ ಒಂದು ಅಡ್ಡಗೀಟು. ಒಂದರದ್ದಕ್ಕೆ ಒಂದು ಚುಕ್ಕಿ. ಮಾಯಾ ಅಂಕಿ ಅದು. ಚುಕ್ಕಿ ಒಂದು, ಗೀಟು ಐದು, ಸೊನ್ನೆಗೆ ಚಿಪ್ಪು. ಇಪ್ಪತ್ತರ ಲೆಕ್ಕ. ಸೊನ್ನೆ ನಮ್ಮದು ಅಂತ ಬೀಗುವಾಗ ಇನ್ನು ಮೇಲೆ ಸ್ವಲ್ಪ ದನಿ ತಗ್ಗಿಸಬೇಕು ಅನ್ನಿಸಿತು.

ಆಗಲೇ ಆ ವಾಸನೆ ಬಂದದ್ದು.

ನಿಂತುಬಿಟ್ಟೆ. ಯುಗಾದಿ ಹೋಳಿಗೆಯ ಹೂರಣ, ಹಾವೇರಿ ಹಾರ, ನಮ್ಮಜ್ಜನ ಉಗ್ರಾಣ, ಎಲ್ಲಾ ಒಟ್ಟಿಗೆ. ಏಲಕ್ಕಿ! ಒಂದು ಗೋದಾಮಿನ ಬಾಗಿಲು ತೆರೆದಿತ್ತು. ಒಳಗೆ ಹಸಿರು ಕಾಯಿಯ ಮೂಟೆಗಳು, ತಕ್ಕಡಿ. ಒಬ್ಬ ಮುದುಕ ಬೊಗಸೆಯಲ್ಲಿ ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಕುಲುಕಿ ನೋಡುತ್ತಿದ್ದ. ನಮ್ಮಜ್ಜ ಹಾಗೇ ಮಾಡುತ್ತಿದ್ದರು. ಚೆನ್ನಾಗಿ ಒಣಗಿದ್ದರೆ ಒಳಗಿನ ಬೀಜ ಗಲಗಲ ಅನ್ನಬೇಕು.

ಏಲಕ್ಕಿಯ ತವರು ನಮ್ಮ ಪಶ್ಚಿಮಘಟ್ಟ. ಕೊಬಾನ್ ಸುತ್ತ ಕಾಫಿ ತೋಟ ಮಾಡಿದವರು ಜರ್ಮನರು. ಅವರಲ್ಲಿ ಆಸ್ಕರ್ ಮಾಯುಸ್ ಕ್ಲೋಫರ್ ಎಂಬಾತ 1914ರಲ್ಲಿ ಏಲಕ್ಕಿ ತಂದು ನೆಟ್ಟ. ಮಂಜು, ನೆರಳು, ತೇವ, ಬೆಟ್ಟದ ಇಳಿಜಾರು. ಗಿಡಕ್ಕೆ ಊರು ಬದಲಾಯಿತು ಅಂತ ಗೊತ್ತೇ ಆಗಿರಲಿಕ್ಕಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಅಮೆರಿಕದ ಒತ್ತಾಯಕ್ಕೆ ಸರ್ಕಾರ ಜರ್ಮನರ ತೋಟಗಳನ್ನು ಕಿತ್ತುಕೊಂಡಿತು, ಹಲವರನ್ನು ದೇಶದಿಂದಲೇ ಕಳಿಸಿತು. ಗಿಡ ಉಳಿಯಿತು. ಈಗ ಕೆಕ್ಚಿ ರೈತರ ತುಂಡು ಜಮೀನುಗಳಲ್ಲೇ ಅದು ಜಾಸ್ತಿ. ಇವತ್ತು ಜಗತ್ತಿಗೆ ಅತಿ ಹೆಚ್ಚು ಏಲಕ್ಕಿ ರಫ್ತು ಮಾಡುವ ದೇಶ ಗ್ವಾಟೆಮಾಲಾ, ನಾವಲ್ಲ. ಹೊಟ್ಟೆಕಿಚ್ಚು ಆಯಿತಾ ಅಂದರೆ, ಆಯಿತು. ನಮ್ಮಜ್ಜನ ತೋಟದ ಏಲಕ್ಕಿ ಕಟ್ಟೆ ರೋಗಕ್ಕೆ ಹೋಯಿತು. ಎಲೆಯ ಮೇಲೆ ಹಳದಿ ಗೀಟು ಮೂಡಿ ಬುಡವೇ ಸೊರಗುವ ರೋಗ. ವಿಜ್ಞಾನಿಗಳು ಇಂಗ್ಲಿಷಿನಲ್ಲೂ ಅದನ್ನು ಕಟ್ಟೆ ಅಂತಲೇ ಬರೆಯುತ್ತಾರೆ. ನಮ್ಮ ಕನ್ನಡದ ಒಂದು ಪದ ಹೀಗೂ ಲೋಕ ಸುತ್ತಿದೆ!

ಮುದುಕನ ಜೊತೆ ಹರಕು ಸ್ಪ್ಯಾನಿಷ್‌ನಲ್ಲಿ ಮಾತಿಗಿಳಿದೆ. ಹಸಿಕಾಯಿಗೆ ಅವರು ಸೆರೇಸಾ ಅನ್ನುತ್ತಾರೆ, ಒಣಗಿದ್ದಕ್ಕೆ ಪೆರ್ಗಾಮಿನೋ. ಎರಡೂ ಕಾಫಿಯಿಂದ ಎರವಲು ತಂದ ಮಾತು. ಕ್ವಿಂಟಾಲ್ ಅಂದರೆ ಅಲ್ಲಿ ನೂರು ಪೌಂಡು, ನಮ್ಮ ನೂರು ಕಿಲೋ ಅಲ್ಲ. ಹಳ್ಳಿಯಿಂದ ಅಗ್ಗಕ್ಕೆ ಕೊಂಡು ಪೇಟೆಗೆ ತಂದು ಮಾರುವ ದಲ್ಲಾಳಿಗೆ ಕೊಯೋತೆ ಅನ್ನುತ್ತಾರೆ. ಕೊಯೋತೆ ಅಂದರೆ ಅಲ್ಲಿನ ಗುಳ್ಳೆನರಿ. ಹೆಸರಿಟ್ಟವನು ಖಂಡಿತ ಬೆಳೆಗಾರನೇ ಇರಬೇಕು.

'ಮನೆಯಲ್ಲಿ ಇದನ್ನು ಯಾವುದಕ್ಕೆ ಹಾಕ್ತೀರಿ?' ಅಂದೆ.

ಮುದುಕ ನನ್ನನ್ನೇ ನೋಡಿದ. 'ಯಾವುದಕ್ಕೂ ಇಲ್ಲ. ಇದು ಅರಬರಿಗೆ' ಅಂದ.

ನಿಜ. ಅಲ್ಲಿನ ಏಲಕ್ಕಿಯಲ್ಲಿ ಬಹುಪಾಲು ಸೌದಿ ಮತ್ತಿತರ ಅರಬ್ ನಾಡುಗಳ ಕಾಫಿ ಹೂಜಿಗೆ ಹೋಗುತ್ತದೆ. ಬೆಳೆಯುವವರ ಅಡುಗೆಮನೆಗೆ ಅದು ಬಂದೇ ಇಲ್ಲ ಅನ್ನಬೇಕು. ಒಂದು ಹಿಡಿ ಕಾಯಿ ನನ್ನ ಜೇಬಿಗೆ ಹಾಕಿ ಕಳಿಸಿದ. ದುಡ್ಡು ಬೇಡ ಅಂದ.

ಮಧ್ಯಾಹ್ನದ ಊಟ ಕಾಕಿಕ್. ಕಾಕ್ ಅಂದರೆ ಕೆಂಪು, ಇಕ್ ಅಂದರೆ ಮೆಣಸಿನಕಾಯಿ. ಟರ್ಕಿ ಕೋಳಿಯ ದೊಡ್ಡ ತುಂಡು ಮುಳುಗಿದ ಕೆಂಪು ಸಾರು. ಟೊಮೆಟೊ, ಹೊಗೆಯಲ್ಲಿ ಒಣಗಿಸಿದ ಊರಿನ ಮೆಣಸಿನಕಾಯಿ, ಕೊತ್ತಂಬರಿ, ಜೊತೆಗೆ ಸಮಾತ್ ಅನ್ನೋ ಉದ್ದ ಎಲೆಯ ಸೊಪ್ಪು, ಅದೂ ಕೊತ್ತಂಬರಿಯದೇ ಘಮ. 2007ರಲ್ಲಿ ಸರ್ಕಾರ ಈ ಸಾರನ್ನು ದೇಶದ ಪರಂಪರೆ ಅಂತ ಘೋಷಿಸಿದೆ. ನಮ್ಮ ಕೋಳಿಸಾರಿನಷ್ಟು ಮಸಾಲೆ ಇಲ್ಲ, ಆದರೆ ಚಿಪಿಚಿಪಿ ದಿನಕ್ಕೆ ಇದಕ್ಕಿಂತ ಬೇರೆ ಬೇಡ. ಉಂಡು ಬಂದು ಎರಡು ಗಂಟೆ ಮಲಗಿದೆ.

ಸಂಜೆ ಡೋನ್ಯಾ ಅವರ ಅಡುಗೆಮನೆಯಲ್ಲಿ ಒಂದು ಪಾತ್ರೆ ಕೇಳಿದೆ. ಚೀಲದಲ್ಲಿ ಊರಿಂದ ತಂದ ಟೀಪುಡಿ ಇತ್ತು. ಹಾಲಿನ ಪುಡಿ ಅವರು ಕೊಟ್ಟರು. ಜೇಬಿನಿಂದ ನಾಲ್ಕು ಏಲಕ್ಕಿ ತೆಗೆದು ಅವರ ಅರೆಯುವ ಕಲ್ಲಿನ ಮೇಲೆ ಇಟ್ಟು ಜಜ್ಜಿದೆ. ಅವರು ಗಾಬರಿಯಾಗಿ, 'ಇದು ಊಟದ್ದಲ್ಲ' ಅಂದರು. ಈ ವಾಸನೆ ಅವರಿಗೆ ಅಪ್ಪ ರಾತ್ರಿಯಿಡೀ ಸೌದೆ ಉರಿಸಿ ಕಾಯಿ ಒಣಗಿಸುತ್ತಿದ್ದ ಮನೆಯದ್ದು, ಮೂಟೆ ಹೊತ್ತ ಬೆನ್ನಿನದ್ದು, ಆ ವರ್ಷ ಬೆಲೆ ಬಿತ್ತಾ ಏರಿತಾ ಅನ್ನೋ ಮಾತಿನದ್ದು. ಬಾಯಿಗೆ ಹಾಕುವಂಥದ್ದು ಅಂತ ಅವರಿಗೆ ಹೊಳೆದೇ ಇರಲಿಲ್ಲ.

ಒಂದು ಗುಟುಕು ಕುಡಿದರು. ಲೋಟ ಕೆಳಗಿಟ್ಟರು. 'ಹೊಟ್ಟೆನೋವಿಗಾ?' ಅಂದರು. ಅಲ್ಲ, ದಿನಾ ಕುಡಿಯೋದು ಅಂದೆ. ಮತ್ತೆ ಲೋಟ ಎತ್ತಿಕೊಂಡರು. ಸಕ್ಕರೆ ಸಾಲದು ಅಂತ ಎರಡು ಚಮಚ ಹಾಕಿಕೊಂಡರು. ಮಾತಾಡಲಿಲ್ಲ, ಪೂರ್ತಿ ಕುಡಿದರು.

ಮರುದಿನ ಬೆಳಗ್ಗೆ ನಾನು ಚೀಲ ಹೆಗಲಿಗೇರಿಸಿದಾಗ ಡೋನ್ಯಾ ಕಪ್ಪು ಕಾಫಿಯ ಲೋಟ ಕೈಗಿಟ್ಟರು. ಮೇಲೆ ಆರು ಏಲಕ್ಕಿ ಸಿಪ್ಪೆ ಸಮೇತ ಇಡಿಯಾಗಿ ತೇಲುತ್ತಿದ್ದವು. ಜಜ್ಜಬೇಕಿತ್ತು ಅಂತ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಹೊರಗೆ ಮೈಕ್ರೋಬಸ್ಸಿನ ಹುಡುಗ ಕೂಗತೊಡಗಿದ. ಬಾಂತಿಯೋಶ್ ಅಂದೆ, ಧನ್ಯವಾದ ಅಂತ. ಗಟಗಟ ಕುಡಿದು, ಒಂದು ಕಾಯಿ ಬಾಯಲ್ಲಿಟ್ಟುಕೊಂಡೇ ಬಸ್ ಹತ್ತಿದೆ.

ನಮಸ್ಕಾರ.