ಕರುಳಿನ ಗಂಟಿಗೆ ಮಾತ್ರೆ ಇಲ್ಲವೇ?

(ದೃಶ್ಯ: ಶಿರಸಿ ಬಸ್ ನಿಲ್ದಾಣ, ಕೈಯಲ್ಲಿ ಆಸ್ಪತ್ರೆ ಫೈಲು ಹಿಡಿದು ಹುಬ್ಬಳ್ಳಿ ಬಸ್ಸು ಹತ್ತುವವರು)

ನಮಸ್ಕಾರ. ಮಲದಲ್ಲಿ ರಕ್ತ ಕಂಡರೆ ನಮ್ಮ ಕಡೆ ಮೊದಲು ಬರುವ ಮಾತು ‘ಉಷ್ಣವಾಗಿದೆ’. ಹಿಂದೆಯೇ ಒಂದು ಲೋಟ ಮುರುಗಲು ಪಾನಕ. ಎಷ್ಟೋ ಸಲ ಅದು ಬರೀ ಮೂಲವ್ಯಾಧಿಯೇ ಆಗಿರುತ್ತದೆ. ಆದರೆ ಅಪ್ಪನಿಗೂ ಚಿಕ್ಕಪ್ಪನಿಗೂ ನಲವತ್ತರ ಆಸುಪಾಸಿನಲ್ಲಿ ಕರುಳಿನ ಕ್ಯಾನ್ಸರ್ ಬಂದಿದ್ದ ಮನೆಯಲ್ಲಿ ಪಾನಕ ಕುಡಿಸಿ ಸುಮ್ಮನಿರುವಂತಿಲ್ಲ.

ಮನೆತನದಲ್ಲಿ ಹರಿದುಬಂದು ಕರುಳಿನ ಕ್ಯಾನ್ಸರ್ ತರುವ ಕಾಯಿಲೆಗಳಲ್ಲಿ ಒಂದು ಎಫ್‌ಎಪಿ, ಅಂದರೆ ಫ್ಯಾಮಿಲಿಯಲ್ ಅಡೆನೊಮ್ಯಾಟಸ್ ಪಾಲಿಪೋಸಿಸ್. ಅದಕ್ಕೆ ಕಾರಣ ಎಪಿಸಿ ಎಂಬ ಜೀನ್‌ನ ದೋಷ. ಈ ಜೀನ್ ಪತ್ತೆಯಾದದ್ದು 1991ರಲ್ಲಿ. ತಂದೆ, ತಾಯಿಯಲ್ಲಿ ಒಬ್ಬರಿಗೆ ಈ ದೋಷವಿದ್ದರೂ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಶೇ 50. ಹದಿಹರೆಯದಲ್ಲೇ ದೊಡ್ಡ ಕರುಳಿನ ತುಂಬ ನೂರಾರು ಗಂಟುಗಳು, ಅಂದರೆ ಪಾಲಿಪ್‌ಗಳು, ಏಳತೊಡಗುತ್ತವೆ. ಹಾಗೇ ಬಿಟ್ಟರೆ ಬಹುತೇಕ ಎಲ್ಲರಿಗೂ ಕ್ಯಾನ್ಸರ್. ಅದಕ್ಕೇ ದೊಡ್ಡ ಕರುಳನ್ನೇ ತೆಗೆದುಹಾಕುತ್ತಾರೆ. ಇಪ್ಪತ್ತರ ಹುಡುಗಿಗೆ ಹೀಗೆಂದರೆ ಅವಳು ಮಾತ್ರೆ ಕೇಳದೆ ಇರುತ್ತಾಳೆಯೇ?

(ದೃಶ್ಯ: ಕೊಲೊನೊಸ್ಕೋಪಿ ಪರದೆ, ಗುಲಾಬಿ ಗೋಡೆಯ ಮೇಲೆ ಸಣ್ಣ ಉಬ್ಬುಗಳು)

ನೋವಿಗೆ ಕೊಡುವ ಸೆಲೆಕಾಕ್ಸಿಬ್ ಆಸೆ ಹುಟ್ಟಿಸಿತ್ತು. 77 ರೋಗಿಗಳ ಪ್ರಯೋಗದಲ್ಲಿ, ದಿನಕ್ಕೆರಡು ಸಲ 400 ಮಿಲಿಗ್ರಾಂ ನುಂಗಿದವರಲ್ಲಿ ಆರು ತಿಂಗಳಿಗೆ ಗಂಟುಗಳು ಸರಾಸರಿ ಶೇ 28 ಇಳಿದವು. 1999ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಷರತ್ತು ಒಂದೇ: ಇದರಿಂದ ರೋಗಿಗೆ ನಿಜವಾಗಿ ಒಳಿತಾಗುತ್ತದೆ ಎಂದು ಮುಂದೆ ತೋರಿಸಬೇಕು. ಆ ಪ್ರಯೋಗಕ್ಕೆ ಸಾಕಷ್ಟು ರೋಗಿಗಳೇ ಸಿಗಲಿಲ್ಲ. 2011ರಲ್ಲಿ ಕಂಪನಿ ಈ ಬಳಕೆಯನ್ನು ಹಿಂದಕ್ಕೆ ಪಡೆಯಿತು.

ಕಗ್ಗಂಟು ಇರುವುದೇ ಇಲ್ಲಿ. ಗಂಟು ಎಣಿಸಲು ಆರು ತಿಂಗಳು ಸಾಕು, ಕ್ಯಾನ್ಸರ್ ತಪ್ಪಿತೆನ್ನಲು ವರ್ಷಗಟ್ಟಲೆ ಕಾಯಬೇಕು. ರೋಗಿಗಳು ವಿರಳ. ಎಳೆಯ ವಯಸ್ಸಿನಿಂದಲೇ ನುಂಗಬೇಕಾದ ಮಾತ್ರೆ ಹೃದಯಕ್ಕೆ ತೊಂದರೆ ಕೊಡುವಂತಿದ್ದರೆ ಅದು ಮದ್ದಲ್ಲ. 171 ಎಫ್‌ಎಪಿ ರೋಗಿಗಳಿಗೆ ಸುಲಿಂಡಾಕ್ ಮತ್ತು ಎಫ್ಲೋರ್ನಿಥಿನ್ ಎಂಬ ಎರಡು ಔಷಧಗಳನ್ನು ಜೊತೆಯಾಗಿ, ಬಿಡಿಯಾಗಿ ಕೊಟ್ಟು ನೋಡಿದ 2020ರ ವರದಿಯಲ್ಲೂ, ಜೋಡಿಯೇ ಮೇಲೆನ್ನುವಷ್ಟು ವ್ಯತ್ಯಾಸ ಕಾಣಲಿಲ್ಲ.

ತಾಳ್ಮೆ ಫಲ ಕೊಟ್ಟದ್ದು ಇನ್ನೊಂದು ಆನುವಂಶಿಕ ಕಾಯಿಲೆಯಾದ ಲಿಂಚ್ ಸಿಂಡ್ರೋಮ್‌ನಲ್ಲಿ, ಅದೂ ಅಗ್ಗದ ಆಸ್ಪಿರಿನ್‌ನಿಂದ. 861 ಜನರ ಅಧ್ಯಯನದಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆ 600 ಮಿಲಿಗ್ರಾಂ ಕೊಡಲಾಯಿತು. ಸುಮಾರು ಹತ್ತು ವರ್ಷಗಳ ಲೆಕ್ಕದಲ್ಲಿ ಅವರಲ್ಲಿ ಶೇ 9, ಉಳಿದವರಲ್ಲಿ ಶೇ 13 ಮಂದಿಗೆ ಕರುಳಿನ ಕ್ಯಾನ್ಸರ್ ಬಂತು. ಹಾಗೆಂದು ಅಂಗಡಿಗೆ ಹೋಗಿ ಕೊಂಡು ನುಂಗಬೇಡಿ. ಆಸ್ಪಿರಿನ್ ಹೊಟ್ಟೆಯಲ್ಲಿ ರಕ್ತಸ್ರಾವ ತರಬಲ್ಲದು. ಕರುಳಿನೊಳಗೆ ಕ್ಯಾಮೆರಾ ಕೊಳವೆ ಬಿಟ್ಟು ನೋಡುವ ಕೊಲೊನೊಸ್ಕೋಪಿಯೂ ತಪ್ಪುವುದಿಲ್ಲ.

ಕಾರವಾರದಲ್ಲೇ ತೋರಿಸಿ, ಮಣಿಪಾಲಕ್ಕೇ ಹೋಗಿ, ವೈದ್ಯರು ಕೇಳುವುದು ಮನೆತನದ ಚರಿತ್ರೆ. ಸಂಬಂಧ ಕುದುರಿಸುವಾಗ ಮುಚ್ಚಿಟ್ಟದ್ದನ್ನೂ ಅಲ್ಲಿ ಬಿಚ್ಚಿ ಹೇಳಿ: ಯಾರಿಗೆ, ಯಾವ ವಯಸ್ಸಿನಲ್ಲಿ, ಯಾವ ಅಂಗದ ಕ್ಯಾನ್ಸರ್. ಸೋದರತ್ತೆಗೆ ಗರ್ಭಕೋಶದ ಕ್ಯಾನ್ಸರ್ ಆಗಿತ್ತೆಂದರೆ ಅದನ್ನೂ ಬರೆಸಿ. ಲಿಂಚ್ ಇರುವ ಮನೆಗಳಲ್ಲಿ ಅದೂ ಬರುತ್ತದೆ.